ನಾಲ್ಕು ಬಿಳಿ ಚೀಟಿಗಳು

“ಹೆತ್ತ ಮಗಳನ್ನೇ ಅಲ್ಲಿ ಬಿಟ್ಟು ಬನ್ನಿ ಅಂತ ಬರೆದ ಕೈ ಇದು! ಈ ಕೈಯಲ್ಲಿ ಬಡಿಸಿದ್ದು ನನ್ನ ಗಂಟಲಲ್ಲಿ ಇಳಿಯಲ್ಲ!”

ಬೀಗಿತ್ತಿ ಓಪಲ್ ತಟ್ಟೆಯನ್ನು ಅತ್ತ ತಳ್ಳಿಬಿಟ್ಟಳು. ಹುರಿದ ಕೋಳಿಯ ತುಂಡು ಹಿಡಿದಿದ್ದ ವರ್ನಾಳ ಕೈ ಹಾಗೇ ನಿಂತಿತು. ಹೂಸ್ಟನ್ನಿನ ಆ ಮನೆಯ ಭಾನುವಾರದ ಊಟ ಅಲ್ಲಿಗೆ ಮುಗಿದಂತೆಯೇ. ಹತ್ತೊಂಬತ್ತು ವರ್ಷಗಳಿಂದ ವರ್ನಾ ಮಾಡಿದ್ದು ಒಂದೇ ಕೆಲಸ: ನಾಲ್ವರನ್ನು ಮಂಗಳ ಗ್ರಹಕ್ಕೆ ಕಳಿಸಿ, ಮರಳಿ ಕರೆತರುವ ಯೋಜನೆ. ಅಲ್ಲಿಂದ ಮರಳಿ ಹೊರಡುವ ದಿನ ಒಬ್ಬರು ದೂರದಲ್ಲಿ ಸಿಕ್ಕಿಕೊಂಡರೆ ಉಳಿದ ಮೂವರು ಕಾಯಕೂಡದು. ಕಾದರೆ ಉಸಿರಾಡಲು ಗಾಳಿ ಸಾಲದೆ ನಾಲ್ವರೂ ಸಾಯುತ್ತಾರೆ. ಆ ನಿಯಮ ಅವಳದೇ.

“ಬರೆದಾಗ ಕೊರಿನ್ ಶಾಲೆಗೆ ಹೋಗ್ತಿದ್ಲು, ಓಪಲ್... ಆ ನಾಲ್ವರಲ್ಲಿ ಇವಳೂ ಹೋಗ್ತಾಳೆ ಅಂತ ನಾನೇನು ಕನಸು ಕಂಡಿದ್ನಾ?”

“ಈಗ ಅವಳು ನನ್ನ ಮೊಮ್ಮಗಳ ತಾಯಿ. ತಿದ್ದೋಕೆ ನಿನ್ನ ಹತ್ರ ಪೆನ್ನಿಲ್ವಾ?”

“ಸಾಕು ಬಿಡಿ ಅತ್ತೆ,” ಎಂದಳು ಕೊರಿನ್, ತಲೆಯೆತ್ತದೆ.

ಆಡಿದ ಮಾತು ಮುಳ್ಳಾಗಿ ಉಳಿಯಿತು. ಗುರುವಾರ ಸಾವಿನ ತಾಲೀಮು. ಪ್ರತಿ ತಂಡಕ್ಕೂ ಅದೊಂದು ತಪ್ಪದ ಶಾಸ್ತ್ರ. ಮಂಗಳದ ಮನೆಯಂತೆ ಕಟ್ಟಿದ ಕೋಣೆಯಲ್ಲಿ ನಾಲ್ವರು ಇರಬೇಕು, ಮನೆಯವರು ಗಾಜಿನಾಚೆ ಕೂತು ಕೇಳಬೇಕು. ಸತ್ತರೆಂದು ತೀರ್ಮಾನವಾದವರು ಎದೆಗೆ ಬಿಳಿ ಚೀಟಿ ಅಂಟಿಸಿಕೊಂಡು ಹೊರಬಂದು ಬೆಂಚಿನ ಮೇಲೆ ಕೂರಬೇಕು. ಭೂಮಿಯ ಪರವಾಗಿ ಮಾತಾಡುವ ಕುರ್ಚಿ ವರ್ನಾಳದು.

ಅಂದಿನ ಪರೀಕ್ಷೆ ಬಂದದ್ದು ಕೊರಿನ್‌ಳ ಮೇಲೆಯೇ! ಹೊರಡುವ ದಿನವೇ ಅವಳ ಕಾಲು ಮುರಿದಿದೆ, ಮನೆ ದೂರ, ಎದುರಿಗೆ ಧೂಳಿನ ಬಿರುಗಾಳಿ. ಮೂವರ ದನಿ ಕೇಳಿತು: “ಹೊರಡೋದಾ, ಕಾಯೋದಾ?”

ಉತ್ತರ ವರ್ನಾಳಿಗೆ ಬಾಯಿಪಾಠ. ಆದರೆ ಗಾಜಿನಾಚೆ ಓಪಲ್ ಕೂತಿದ್ದಳು. ಹೆತ್ತ ಕರುಳು ಕೇಳಬೇಕಲ್ಲ...

“ಕಾಯಿರಿ,” ಎಂದುಬಿಟ್ಟಳು.

ಮಂಗಳದ ದೂರದ ಲೆಕ್ಕದಂತೆ, ಮಾತು ಆ ಕೋಣೆಗೆ ಮುಟ್ಟಲು ಇಪ್ಪತ್ತು ನಿಮಿಷ. ಕೆಲ ನಿಮಿಷ ಕಳೆದ ಮೇಲೆ ತಪ್ಪು ಅರಿವಾಯಿತು. ಹಿಂದೆಯೇ “ಹೊರಡಿ” ಎಂದು ಕೂಗಿದಳು. ಅದು ಮುಟ್ಟುವಷ್ಟರಲ್ಲಿ ಹೊರಡುವ ಗಳಿಗೆ ಮೀರಿತ್ತು. ಮೊದಲು ಕೊರಿನ್ ಹೊರಬಂದಳು, ಆಮೇಲೆ ಒಬ್ಬೊಬ್ಬರಾಗಿ ಉಳಿದ ಮೂವರು. ಬೆಂಚಿನ ಮೇಲೆ ನಾಲ್ಕು ಬಿಳಿ ಚೀಟಿಗಳು.

ಆ ಮೂವರಲ್ಲಿ ಒಬ್ಬನ ಹೆಂಡತಿ ಗ್ವಾಡಲೂಪೆ ಮೆಲ್ಲಗೆ ವರ್ನಾಳ ಬಳಿ ಬಂದು ನಿಂತಳು.

“ನನ್ನ ಗಂಡನ್ನ ಯಾಕ್ರೀ ಕೊಂದ್ರಿ?”

ಓಪಲ್ ಅದನ್ನು ಕೇಳಿಸಿಕೊಂಡು ತಲೆತಗ್ಗಿಸಿದಳು.

ಕೊರಿನ್ ತಾಯಿಯ ಭುಜ ಹಿಡಿದು ಅಲ್ಲಾಡಿಸಿದಳು. “ನಾನೊಬ್ಬಳೇ ಸಾಯ್ಬೇಕಿತ್ತು, ಅಮ್ಮಾ... ಒಬ್ಬಳೇ! ಅವರ ಮಕ್ಕಳ ಮುಖ ನಾನು ಹೇಗೆ ನೋಡ್ಲಿ?”

ಮರುದಿನ ವರ್ನಾ ನಿಯಮದ ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದಳು. ಅದರ ಕೆಳಗೆ ಹೊಸದೊಂದು ಸಾಲು ಬರೆದಳು: ಭೂಮಿಯ ಕುರ್ಚಿಯಲ್ಲಿ ತಂಡದವರ ರಕ್ತಸಂಬಂಧಿಗಳು ಕೂರಕೂಡದು. ಹತ್ತೊಂಬತ್ತು ವರ್ಷದ ಮೇಜನ್ನು ತಾನೇ ಒರೆಸಿ, ಕೀಲಿಕೈ ಕೊಟ್ಟು ಮನೆಗೆ ಬಂದಳು. ಕೊನೆಯ ಮಾತು ಹೇಳಬೇಕಾಗಿ ಬಂದರೆ, ಇನ್ನು ಮಗಳಿಗೆ ಅದನ್ನು ಹೇಳುವವರು ಯಾರೋ ಹೊರಗಿನವರು.

ಕೊರಿನ್ ಹೊರಟ ಮೇಲಿನ ಮೊದಲ ಭಾನುವಾರ ಓಪಲ್ ಕರೆಯದೆಯೇ ಬಂದು ಕೂತಳು.

“ಬಿಟ್ಟು ಬನ್ನಿ ಅನ್ನೋ ಆ ಸಾಲು ಹಾಗೇ ಇದೆಯಾ?”

“ಇದೆ.”

ಓಪಲ್ ತಟ್ಟೆಯನ್ನು ಮುಂದಕ್ಕೆ ಸರಿಸಿ, ಅದನ್ನು ಬರೆದ ಆ ಕೈಯನ್ನು ಹಿಡಿದುಕೊಂಡಳು.

“ಬಡಿಸು, ವರ್ನಾ.”