ಜೋಡಿಯಿಲ್ಲದ ಕರಿ ಹುಂಜ

೧೯೮೧ರ ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಯಲಹಂಕ ಠಾಣೆಗೆ ಕೋಳಿ ಕಳವಿನ ದೂರು ಬಂತು. ಕೊಟ್ಟವನು ಅಮೃತಹಳ್ಳಿಯ ಆನಂದಪ್ಪ, ಪ್ರದರ್ಶನಕ್ಕೆಂದೇ ಕೋಳಿ ಸಾಕಿ ಬಹುಮಾನ ಹೊಡೆಯುವ ಆಸಾಮಿ. ಇನ್ಸ್‌ಪೆಕ್ಟರ್ ಕಾಶಿನಾಥ ಎಫ್‌ಐಆರ್ ದಾಖಲಿಸಿದ. ಹೆಂಡತಿ ಮಕ್ಕಳನ್ನು ಧಾರವಾಡದಲ್ಲಿ ಬಿಟ್ಟು ಬಂದವನಿಗೆ ಖಾಲಿ ಕ್ವಾರ್ಟರ್ಸಿಗಿಂತ ಠಾಣೆಯೇ ಮೇಲಾಗಿತ್ತು, ಕೇಸು ಕೋಳಿಯದಾದರೂ ಸರಿ.

“ಅದಾಗ್ಲೇ ಯಾರ ಹೊಟ್ಟೇಲಿದ್ಯೋ ಸಾರ್,” ಎಂದ ಪೇದೆ ಮುನಿಯಣ್ಣ.

ಸ್ಥಳ ಪಂಚನಾಮೆಯಲ್ಲಿ ಆ ಮಾತು ನಿಲ್ಲಲಿಲ್ಲ. ಬಹುಮಾನದ ಬಿಳಿ ಲೆಗ್‌ಹಾರ್ನ್‌ಗಳು ಗೂಡಿನಲ್ಲಿ ಹಾಗೇ ಇದ್ದವು. ಹೋಗಿದ್ದು ಮಿನೋರ್ಕಾ ಜಾತಿಯ ಒಂದು ಕರಿ ಹೇಂಟೆ ಮಾತ್ರ. ಕಳ್ಳ ಮಹಾಶಯ ಹೊರಡುವ ಮುಂಚೆ ಉಳಿದವಕ್ಕೆ ಹೊಸ ನೀರಿಟ್ಟು, ಮುಂಗುಸಿ ನುಗ್ಗದಂತೆ ಬಾಗಿಲಿಗೆ ತಂತಿ ಸುತ್ತಿದ್ದ.

“ಈ ಜಾತಿ ಮತ್ತ್ಯಾರು ಸಾಕ್ತಾರ?” ಕಾಶಿನಾಥ ಆನಂದಪ್ಪನನ್ನು ಕೇಳಿದ.

“ಒಂದು ಕಾಲಕ್ಕೆ ಎಲ್ರೂ ಇದನ್ನೇ ಸಾಕ್ತಿದ್ವಿ ಸಾರ್. ಆಮೇಲೆ ಕೆಂಪು ರೋಡ್ ಐಲ್ಯಾಂಡ್ ಬಂತು, ಈಗ ಬಿಳೀದು. ಆರ್.ಟಿ. ನಗರದ ಹಬೀಬುಲ್ಲಾ ಸಾಹೇಬ್ರ ಹತ್ರ ಒಂದು ಹುಂಜ ಇದೆ, ಅಷ್ಟೇ. ಜೋಡಿ ಇಲ್ದಿದ್ರೆ ಈ ಭಾನುವಾರದ ಪ್ರದರ್ಶನದಲ್ಲಿ ಪಂಜರ ಕೊಡಲ್ಲ. ಹೇಂಟೆ ಕೊಡಿ ಅಂತ ಬಂದಿದ್ರು.”

“ನೀವು?”

“ನಕ್ಕೆ. ಭಾನುವಾರ ಸಾರಿಗಿಟ್ಟಿದೀನಿ ಅಂದೆ.”

“ಸಾರಿನ ಕೋಳಿಗೆ ಎಫ್‌ಐಆರ್ ಯಾಕ್ರೀ?”

“ಇವತ್ತು ಕರೀದು, ನಾಳೆ ನನ್ನ ಬಿಳೀದು ಸಾರ್!”

ಮಧ್ಯಾಹ್ನ ಆರ್.ಟಿ. ನಗರದಲ್ಲಿ ಕಾಶಿನಾಥನಿಗೆ ಹುಡುಕುವ ಕೆಲಸವೇ ಬೀಳಲಿಲ್ಲ. ಬೀದಿಗೆ ಕಾಣುವಂತೆ ತಾರಸಿಯ ಬಿಸಿಲಲ್ಲಿ ಕೂತು ಹಬೀಬುಲ್ಲಾ ಸಾಹೇಬರು ಕರಿ ಹೇಂಟೆಯನ್ನು ಟವೆಲಿನಿಂದ ಒರೆಸುತ್ತಿದ್ದರು. ಮೀಯಿಸಿ, ಜುಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಕಿವಿಯ ಬಿಳಿ ಹಾಲೆಗೆ ಪೌಡರ್ ಬೇರೆ ಹಾಕಿದ್ದರು. ಪ್ರದರ್ಶನದ ಕೋಳಿಯನ್ನು ಕೊಳಕಾಗಿ ಬಚ್ಚಿಡುವುದು ಆ ಕೈಗಳಿಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಮುದಿ ಹುಂಜ ಕಾದು ನಿಂತಿತ್ತು.

“ಕದ್ದೀರಿ?”

“ಹೌದು ಸಾರ್.”

“ಭಾನುವಾರ ಪ್ರದರ್ಶನದಾಗ ಆನಂದಪ್ಪ ನೋಡಿದ ಕೂಡ್ಲೇ ಗುರುತು ಹಿಡೀತಿದ್ರಲ್ರೀ!”

“ಹಿಡೀಲಿ ಸಾರ್. ಹಿಡಿಯೋಕಾದ್ರೂ ನನ್ನ ಪಂಜರದ ಮುಂದೆ ಬಂದು ನಿಲ್ಲಬೇಕಲ್ಲ.”

ತಾರಸಿಯ ಮೂಲೆಯಲ್ಲಿ ನಾಲ್ಕಾರು ಬೆತ್ತದ ಮೋಡಾ ಕುರ್ಚಿಗಳು ಒಂದರ ಮೇಲೊಂದು ಧೂಳು ಹಿಡಿದು ಕೂತಿದ್ದವು. ಭಾನುವಾರ ಬಂತೆಂದರೆ ಕೋಳಿ ಸಾಕುವ ಗೆಳೆಯರೆಲ್ಲ ಇಲ್ಲೇ ಸೇರುತ್ತಿದ್ದರಂತೆ. ಸಾಹೇಬರ ಹೆಂಡತಿ ಸುಗ್ರಾ ಚಹಾ ಮಾಡಿ ಮಾಡಿ ಬೈಯುತ್ತಿದ್ದರಂತೆ. ಆಕೆ ತೀರಿಕೊಂಡರು. ಕರಿ ಕೋಳಿಯ ಕಾಲ ಮುಗಿಯಿತು, ಮೆಟ್ಟಿಲು ಹತ್ತುವವರೂ ನಿಂತರು. ಕಾಶಿನಾಥನಿಗೆ ಸಂಕಟವಾಯಿತು. ಆದರೂ ಪಂಚರನ್ನು ಕರೆಸಿ ಹೇಂಟೆಯನ್ನು ಜಪ್ತಿ ಮಾಡಿ, ಸಾಹೇಬರನ್ನು ಬಂಧಿಸಿದ.

“ಹುಂಜಕ್ಕೆ ನೀರು?” ಎಂದರು ಸಾಹೇಬರು ಜೀಪು ಹತ್ತುವಾಗ.

“ನಾ ಇಡ್ತೀನ್ರೀ. ಮನ್ಯಾಗ ನಂಗೂ ಯಾರಿಲ್ಲ.”

ಠಾಣೆಯಲ್ಲಿ ಹೇಂಟೆ ಬುಟ್ಟಿಯೊಳಗೆ ಗೊಣಗುತ್ತಿತ್ತು. ಕಾಶಿನಾಥ ಪೆನ್ನು ತೆಗೆದ.

“ಜಾಮೀನಿಗೆ ನಿಮ್ಮೋರು ಯಾರ ಅದಾರ? ಹೆಸರು ಹೇಳ್ರಿ, ಕರಸ್ತೀನಿ.”

ಸಾಹೇಬರು ಬೆರಳು ಮಡಿಸಿ ಎಣಿಸಲು ಹೋಗಿ ಒಂದರಲ್ಲೇ ನಿಂತರು.

“ಆನಂದಪ್ಪ,” ಎಂದರು. “ಅಮೃತಹಳ್ಳಿ.”