ವರ್ನಾಳ ಬಿದಿರು ಕೋಲು

ಸೆಪ್ಟೆಂಬರ್ ಮುಗಿಯಲು ಎರಡೇ ದಿನವಿತ್ತು. ಅಲ್ಲಿಗೆ ಟ್ರೌಟ್ ಮೀನು ಹಿಡಿಯುವ ಕಾಲವೂ ಮುಗಿಯುತ್ತಿತ್ತು. ಅಷ್ಟರೊಳಗೆ ಕಾಡಿನಾಚೆಯ ಸ್ಕಾರೊ ಸರೋವರ ತಲುಪಿ, ವಸಂತದಲ್ಲಿ ತೀರಿಕೊಂಡ ಹೆಂಡತಿ ವರ್ನಾಳ ಬಿದಿರಿನ ಗಾಳದ ಕೋಲಿನಲ್ಲಿ ಒಂದೇ ಒಂದು ಮೀನು ಹಿಡಿಯಬೇಕೆಂದು ಎಮೆಟ್ ಹಟ ಹಿಡಿದಿದ್ದ. ಅರವತ್ತೆಂಟರ ಮುದುಕನನ್ನು ಒಬ್ಬನೇ ಕಳಿಸಲಾರದೆ ನಾದಿನಿ ಲೋರ್ನಾ ಜೊತೆಗೆ ಹೊರಟಳು.

ಮೂವತ್ತು ವರ್ಷ ಅವನು ಹೆಂಡತಿಯ ಜೊತೆ ಅಲ್ಲಿಗೆ ಹೋಗಿದ್ದ. ಅವನ ಕೋಲೋ ಹಾರೆಯಂಥದ್ದು. ಮೀನು ಕಚ್ಚಿದರೆ ಎತ್ತಿ ದೋಣಿಗೆ ಹಾಕುವುದು, ಆಮೇಲೆ ಟೋಪಿ ಮುಖಕ್ಕೆಳೆದು ಗೊರಕೆ. ಮುಂದೆ ಕೂತ ವರ್ನಾ ತನ್ನ ತೆಳ್ಳನೆ ಕೋಲಿಗೆ ಮೀನು ಬಿದ್ದಾಗಲೆಲ್ಲ ಅದನ್ನು ಹಿಂದಕ್ಕೆ ಚಾಚುತ್ತಿದ್ದಳು. "ಒಂದ್ಸಲ ಹಿಡಿದು ನೋಡಿ."

"ನೀನೇ ಎಳ್ಕೊ," ಎಂದು ಅವನು ಮಗ್ಗುಲಾಗುತ್ತಿದ್ದ. ಈಗ ಆ ಮಾತು ಅವನನ್ನು ಕೊರೆಯುತ್ತಿತ್ತು.

ಸರೋವರಕ್ಕೆ ಮುಂಚೆ ಅರ್ಧ ಮೈಲಿ ಹಗುರ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆಯಬೇಕು. ಸ್ಪ್ರೂಸ್ ಮರಗಳು ಒತ್ತೊತ್ತಾಗಿ ನಿಂತ ದಾರಿ, ಕಾಲಿಟ್ಟಲ್ಲೆಲ್ಲ ಪಾಚಿ, ಒದ್ದೆ ಬೇರು. ಬೇಸಿಗೆ ಕಳೆಯಲು ಬಂದ ಜನರೆಲ್ಲ ಮರಳಿ ಹೋಗಿದ್ದರು, ಹಕ್ಕಿಗಳೂ ದಕ್ಷಿಣಕ್ಕೆ ಹೋಗಿದ್ದವು. ಕೋಲಿನ ತುದಿಯನ್ನು ಹಿಂದಕ್ಕೆ ಮಾಡಿ ನಡೆಯಬೇಕೆಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಆತುರಗೇಡಿ ಎಮೆಟ್ ಅದನ್ನು ಮುಂದಕ್ಕೆ ಚಾಚಿಕೊಂಡು ಹೊರಟಿದ್ದ.

ಬೇರಿಗೆ ಕಾಲು ತೊಡರಿತು. ತುದಿ ಮರಕ್ಕೆ ಬಡಿಯಿತು.

ಟಕ್!

"ಏನಾಯ್ತು ಭಾವ?"

"ಮುಗೀತು ಕಣೇ. ಮುರಿದುಬಿಟ್ಟೆ."

ನಾಲ್ಕು ಬೆರಳಷ್ಟು ತುದಿ ನೇತಾಡುತ್ತಿತ್ತು. ಎಮೆಟ್ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. ಲೋರ್ನಾ ಹೊತ್ತ ದೋಣಿ ಇಳಿಸಿದಳು.

"ಅಕ್ಕನೇ ಇದನ್ನ ಎರಡು ಸಲ ಮುರಿದಿದ್ಲು. ನಿಮಗೆ ಗೊತ್ತಾಗ್ಲಿಲ್ಲ ಅಷ್ಟೆ, ಗೊರಕೆ ಹೊಡೀತಿದ್ರಲ್ಲ! ಲೈಟರ್ ಕೊಡಿ."

ಮುರಿದ ತುಂಡನ್ನು ಕಾಯಿಸಿ ಅದರ ತುದಿಯಲ್ಲಿದ್ದ, ದಾರ ಹಾಯುವ ಪುಟ್ಟ ಬಳೆ ಕಳಚಿದಳು. ಉಳಿದ ಕೋಲನ್ನು ಚಾಕುವಿನಿಂದ ಹೆರೆದು, ಮರದ ಅಂಟು ಕರಗಿಸಿ, ಬಳೆಯನ್ನು ಅದಕ್ಕೆ ಕೂರಿಸಿದಳು.

ಸ್ಕಾರೊ ಸರೋವರ ಬೂದು ಬಣ್ಣಕ್ಕೆ ತಿರುಗಿತ್ತು. ಸುತ್ತ ಬಂಡೆ, ಬಂಡೆಯ ಹಿಂದೆ ಕಪ್ಪು ಕಾಡು. ಎಲ್ಲಿಯೂ ಹೊಗೆಯಿಲ್ಲ, ಇನ್ನೊಂದು ದೋಣಿಯಿಲ್ಲ. ವರ್ನಾಳ ಜಾಗದಲ್ಲಿ ಕೂತು ಎಮೆಟ್ ಮಧ್ಯಾಹ್ನದವರೆಗೂ ಗಾಳ ಎಸೆದ. ಅಷ್ಟರಲ್ಲಿ ಗಾಳಿಯೆದ್ದಿತು.

"ಹೊರಡೋಣ ಭಾವ, ಅಲೆ ಒಳಗೆ ಬರ್ತಿದೆ."

"ಇನ್ನೊಂದೇ ಸಲ."

ಕೋಲು ಬಗ್ಗಿತು. ಹಳೇ ಚಾಳಿಯಂತೆ ಅವನು ಎತ್ತಲು ಹೋದ.

"ಎಳೀಬೇಡಿ! ದಾರ ಬಿಡಿ! ಕೋಲೇ ಅದನ್ನ ದಣಿಸುತ್ತೆ!"

ದೋಣಿ ಹೊಯ್ದಾಡಿತು. ನೀರು ನುಗ್ಗಿತು. ಲೋರ್ನಾ ಹುಟ್ಟು ಹಾಕಿ ದೋಣಿಯನ್ನು ಅಲೆಗೆ ಎದುರಾಗಿ ತಿರುಗಿಸಿದಳು.

ಮೀನು ಓಡಿತು, ನಿಂತಿತು, ತಲೆ ಕೊಡವಿತು. ಅದರ ಒಂದೊಂದು ಚಲನೆಯೂ ಎಮೆಟ್‌ನ ಅಂಗೈಗೆ ತಿಳಿಯುತ್ತಿತ್ತು. ಅವನ ಹಳೆಯ ಕೋಲಿನಲ್ಲಿ ಮೀನೆಂದರೆ ಬರೀ ಭಾರ. ಇಲ್ಲಿ ಅದು ಜೀವಂತ! ಅವನಿಗೆ ಖುಷಿ ತಡೆಯಲಾಗಲಿಲ್ಲ. ಕೋಲನ್ನು ಹಿಂದಕ್ಕೆ, ತಾನು ಮೂವತ್ತು ವರ್ಷ ಕೂತಿದ್ದ ಜಾಗದತ್ತ ಚಾಚಿದ.

"ಲೋರ್ನಾ, ಒಂದ್ಸಲ ಹಿಡಿದು ನೋಡೇ!"

"ಹುಟ್ಟು ಬಿಟ್ರೆ ಮುಳುಗ್ತೀವಿ. ನೀವೇ ಎಳ್ಕೊಳ್ಳಿ!"

ಚಾಚಿದ ಕೈ ಹಾಗೇ ನಿಂತಿತು. ಆಮೇಲೆ ಅವನು ಮುಂದಕ್ಕೆ ತಿರುಗಿ, ಮೀನನ್ನು ಒಬ್ಬನೇ ದಣಿಸಿ ತಂದು, ಗಾಳ ಬಿಡಿಸಿ ನೀರಿಗೆ ಬಿಟ್ಟ.

ದಡ ಮುಟ್ಟಲು ಎರಡು ಗಂಟೆ ಹಿಡಿಯಿತು. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ವಾಪಸ್ಸು ಕಾಡುದಾರಿಯಲ್ಲಿ ಎಮೆಟ್ ಕೋಲಿನ ತುದಿಯನ್ನು ಹಿಂದಕ್ಕೆ ಮಾಡಿ ಮುಂದೆ ನಡೆದ.

"ಭಾವ, ತುದಿ ನನ್ನ ಮೂಗಿಗೆ ಬಡೀತಿದೆ."

"ಹಿಡ್ಕೊ ಹಾಗಾದ್ರೆ."

ಲೋರ್ನಾ ಒಂದು ಕೈಯಲ್ಲಿ ತಲೆಯ ಮೇಲಿನ ದೋಣಿಯನ್ನು ಸಂಭಾಳಿಸುತ್ತ, ಇನ್ನೊಂದರಲ್ಲಿ ಕೋಲಿನ ತುದಿ ಹಿಡಿದಳು. ಬೆಳಿಗ್ಗೆ ತಮ್ಮ ಟ್ರಕ್ಕು ನಿಲ್ಲಿಸಿದ್ದ ಜಾಗದವರೆಗೂ ಅವಳು ಅದನ್ನು ಬಿಡಲಿಲ್ಲ.