ಕ್ಷಮೆಯ ಹೆಬ್ಬೆಟ್ಟು

ಗೋಡೆಯ ಮೇಲಿನ ಮಾಪಕದ ಮುಳ್ಳು ಹನ್ನೊಂದರಲ್ಲಿ ನಿಂತಿತ್ತು. ಲುಕಾ ಎಂಬ ಇಪ್ಪತ್ತೊಂದರ ಹುಡುಗ ಹಣೆಗೆ ಬೂದುಬಣ್ಣದ ತೆಳು ಪಟ್ಟಿ ಕಟ್ಟಿಕೊಂಡು ಸಭಾಂಗಣದ ನಡುವೆ ಕುಳಿತಿದ್ದ. ಆಸ್ಟ್ರಿಯಾದ ಆ ಹಳೆಯ ಊರಿನಲ್ಲಿ ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಪರದೆಯ ಮೇಲೆ ಹುಬ್ಬಳ್ಳಿಯ ಬಿಸಿಲು.

ಆ ಬಿಸಿಲಿನಲ್ಲಿ, ಕಿಡ್ನಿ ಕೇಂದ್ರದ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಕಾಲು ಊದಿ ಚಪ್ಪಲಿ ಹಿಡಿಸದೆ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಒಳಗಿನಿಂದ ಒಂದೊಂದೇ ಹೆಸರು ಕೂಗುತ್ತಿದ್ದರು. ಪ್ರತಿ ಹೆಸರಿಗೂ ಅವಳು ಏಳಲು ಹೋಗಿ, ತನ್ನದಲ್ಲವೆಂದು ಗೊತ್ತಾಗಿ ಕೂರುತ್ತಿದ್ದಳು.

"ಇವತ್ತ ಶುಕ್ರವಾರ ಅಲ್ಲೇನು?" ಎಂದು ಬಾಗಿಲ ಬಳಿಯವನನ್ನು ಕೇಳಿದಳು.

"ಶುಕ್ರವಾರನ ಐತಿ, ಫಕೀರವ್ವಾ. ನಿನ್ನ ಹೆಸರು ಸೋಮವಾರಕ್ಕ ಹೋಗೇತಿ. ಮಷಿನ್ ಹಂಗ ಹೇಳತೈತಿ."

"ಮಷಿನ್ನಿಗೆ ಉಚ್ಚಿ ಕಟ್ಟೂದಿಲ್ಲಲ್ಲ ತಮ್ಮಾ. ಅದಕ್ಕ ಗೊತ್ತಿಲ್ಲ ಬಿಡು," ಎಂದು ಅವಳು ನಕ್ಕಳು. ನಗುವಾಗ ದಮ್ಮು ಕಟ್ಟಿತು.

ಕನ್ನಡದ ಮಾತು ಲುಕಾನ ಕಿವಿಯೊಳಗೆ ಅವನ ಭಾಷೆಗೆ ತಿರುಗಿ ಕೇಳುತ್ತಿತ್ತು. ಹೆಸರನ್ನು ಸೋಮವಾರಕ್ಕೆ ದೂಡಿದ ಪ್ರೋಗ್ರಾಮು ಬರೆದವನು ಅವನೇ. ದೂರದಿಂದ ಬರುವವರಿಗೆ ಮೊದಲು ಹಾಸಿಗೆ ಸಿಗಲಿ, ಹತ್ತಿರದವರು ಯಾವಾಗ ಬೇಕಾದರೂ ಬಂದಾರು ಎಂದು ಅವನು ಲೆಕ್ಕ ಹಾಕಿದ್ದ. ಫಕೀರವ್ವನ ಮನೆ ಕೇಂದ್ರದಿಂದ ಮೂರು ನಿಮಿಷದ ದಾರಿ. ಹಾಗಾಗಿ ಎಲ್ಲ ಸರದಿಯಲ್ಲೂ ಅವಳೇ ಕೊನೆ.

ಮುಳ್ಳು ನಲವತ್ತು ದಾಟಿತು. ಲುಕಾ ಬಾಯಿಗೆ ಕೈ ಅಡ್ಡ ಹಿಡಿದ. ಅರವತ್ತು. ಎಂಬತ್ತಮೂರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಈ ಯಂತ್ರಕ್ಕೆ ಕನ್ನಡದಲ್ಲಿ ಹೊಣೆಮಾಪಕ ಎಂದು ಹೆಸರು. ಕಂಡುಹಿಡಿದವರು ಪ್ರೊಫೆಸರ್ ಹೆಲ್ಗಾ ಬ್ರಾಂಟ್ನರ್. ತಾನು ಮಾಡಿದ್ದರಿಂದ ಇನ್ನೊಬ್ಬರಿಗೆ ಏನಾಯಿತು ಎಂಬುದು ಮನುಷ್ಯನಿಗೆ ನಿಜವಾಗಿ ತಟ್ಟಿದಾಗ ಮೆದುಳಿನ ಎರಡು ಭಾಗಗಳಿಗೆ ಒಂದೇ ಗಳಿಗೆಯಲ್ಲಿ ರಕ್ತ ನುಗ್ಗುತ್ತದೆ. ನಟಿಸಿದರೆ ಒಂದು ಭಾಗಕ್ಕೆ ಮಾತ್ರ. ಹಣೆಯ ಪಟ್ಟಿ ಆ ಎರಡನ್ನೂ ಅಳೆದು ಮುಳ್ಳನ್ನು ಏರಿಸುತ್ತದೆ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಎರಡು ಸಾವಿರದ ನಲವತ್ತರ ದಶಕದಲ್ಲಿ ಯುರೋಪಿನ ಹಲವು ಊರುಗಳಲ್ಲಿ ಕಂಪ್ಯೂಟರುಗಳು ಮಾಡಿದ ತಪ್ಪು ತೀರ್ಪಿನಿಂದ ಸಾವಿರಾರು ಜನ ಮನೆ ಮಕ್ಕಳನ್ನು ಕಳೆದುಕೊಂಡಿದ್ದರು. ಪ್ರೋಗ್ರಾಮು ಬರೆದವರನ್ನು ನ್ಯಾಯಾಲಯಕ್ಕೆ ಕರೆದಾಗ ಎಲ್ಲರೂ ಒಂದೇ ಮಾತು ಹೇಳಿದರು: ನಮಗೆ ಯಾರ ಮುಖವೂ ಕಾಣಿಸಲಿಲ್ಲ. ಆಮೇಲೆ ಇಪ್ಪತ್ತೆರಡು ವಿಶ್ವವಿದ್ಯಾಲಯಗಳು ಒಕ್ಕೂಟ ಕಟ್ಟಿಕೊಂಡು, ಸಮಾಜದ ಹೊಣೆ ಕಲಿಯದವನಿಗೆ ಕಂಪ್ಯೂಟರ್ ವಿಜ್ಞಾನದ ಪದವಿಯೇ ಇಲ್ಲವೆಂದು ಸಾರಿದವು. ಒಳ್ಳೆಯ ಮಾತೇ. ಆದರೆ ಮುಖ ಕಾಣಬೇಕಾದರೆ ಪ್ರೋಗ್ರಾಮು ನಿಜವಾದ ಜನರ ಮೇಲೆ ಓಡಬೇಕು. ತಮ್ಮ ಜನರ ಮೇಲೆ ಓಡಿಸಲು ಅಲ್ಲಿನ ಕಾನೂನು ಒಪ್ಪಲಿಲ್ಲ.

ಬೇರೆ ಎಷ್ಟೋ ಬಡ ಊರುಗಳಂತೆ ಹುಬ್ಬಳ್ಳಿಯ ಹತ್ತಿಗಿರಣಿ ಓಣಿಯೂ ಒಪ್ಪಿತು. ಓಣಿಯ ಪರವಾಗಿ ಯಾರೋ ಒಪ್ಪಿದರು. ಗಿರಣಿ ಮುಚ್ಚಿ ಮೂರು ತಲೆಮಾರು ಕಳೆದಿದ್ದರೂ ಹೆಸರು ಉಳಿದಿತ್ತು. ಊರ ಕಸ ಗುಡಿಸಿದವರ, ಗಟಾರ ಬಳಿದವರ ಓಣಿ ಅದು. ಅಲ್ಲಿನ ನೀರಿಗೆ ಗಿರಣಿಯ ಬಣ್ಣ ಇಳಿದು ಮನೆಗೊಬ್ಬರ ಕಿಡ್ನಿ ಕೆಟ್ಟಿತ್ತು. ಒಕ್ಕೂಟ ರಕ್ತ ಶುದ್ಧಿ ಮಾಡುವ ಎಂಟು ಯಂತ್ರ ತಂದು ಕೂರಿಸಿತು. ಬದಲಿಗೆ, ಯಾರಿಗೆ ಯಾವತ್ತು ಹಾಸಿಗೆ ಎಂಬುದನ್ನು ತಿಂಗಳಿಗೊಬ್ಬ ವಿದ್ಯಾರ್ಥಿಯ ಪ್ರೋಗ್ರಾಮು ತೀರ್ಮಾನಿಸುತ್ತದೆ. ಒಂಬತ್ತು ವರ್ಷದಿಂದ ಹೀಗೆ.

ಇನ್ನೊಂದು ಪದ್ಧತಿಯೂ ಇತ್ತು. ತಿಂಗಳ ಕೊನೆಗೆ ವಿದ್ಯಾರ್ಥಿ ತನ್ನಿಂದ ನೊಂದವರಿಗೆ ಕ್ಷಮಾಪಣೆಯ ಪತ್ರ ಬರೆಯಬೇಕು. ಕನ್ನಡಕ್ಕೆ ತಿರುಗಿದ ಆ ಪತ್ರವನ್ನು ಓಣಿಯವರೊಬ್ಬರು ಓದುಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಬೇಕು. ನೊಂದವರು ಗಾಜಿನ ಫಲಕದ ಮೇಲೆ ಹೆಬ್ಬೆಟ್ಟು ಒತ್ತಿ ಕ್ಷಮಿಸಬೇಕು. ಮುಳ್ಳು ಸಾಕಷ್ಟು ಏರದೆ, ಹೆಬ್ಬೆಟ್ಟು ಬೀಳದೆ ಅತ್ತ ಪದವಿ ಇಲ್ಲ. ವರ್ಷದಲ್ಲಿ ಒಂದು ಹೆಬ್ಬೆಟ್ಟು ತಪ್ಪಿದರೂ ಯಂತ್ರಗಳು ಬೇರೆ ಊರಿಗೆ. ಹನ್ನೆರಡು ಊರುಗಳು ಕಾದು ಕುಳಿತಿದ್ದವು.

ಪತ್ರ ಓದುವವಳು ಫಕೀರವ್ವನ ಮಗಳು ಕಸ್ತೂರಿ. ಹಗಲು ಮಹಾನಗರ ಪಾಲಿಕೆಯ ಕಸದ ಗಾಡಿ ನಡೆಸುತ್ತಿದ್ದಳು. ರವಿವಾರ ಮಧ್ಯಾಹ್ನ ಓದುಮನೆ. ಅವಳ ಅಜ್ಜಿಯ ಕಾಲದಲ್ಲಿ ಹೆಂಗಸರು ಪೊರಕೆ ಮೂಲೆಗಿಟ್ಟು ಪೇಪರ್ ಓದಿಸಿಕೊಂಡು ಜಗಳಾಡಿದ ಕೋಣೆ ಅದು. ಸಂಬಳದ ಚೀಟಿಯಲ್ಲಿ ಏನು ಬರೆದಿದೆ ಎಂದು ತಿಳಿಯಲು ಅವರು ಅಕ್ಷರ ಕಲಿತಿದ್ದರು. ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದದೆ ಮಡಚಬಾರದು ಎಂಬುದು ಆ ಕೋಣೆಯ ಕಟ್ಟಳೆ. ಕಸ್ತೂರಿ ಪತ್ರಗಳ ಕೊನೆಯ ಸಾಲನ್ನೂ ಓದುತ್ತಿದ್ದಳು. ಅಲ್ಲಿ ಸಣ್ಣ ಅಕ್ಷರದಲ್ಲಿ ವಿದ್ಯಾರ್ಥಿಯ ಅಂಕ ಇರುತ್ತಿತ್ತು.

ಅಂಕಗಳನ್ನು ನೋಡುತ್ತಾ ನೋಡುತ್ತಾ ಅವಳಿಗೆ ಏನೋ ಸರಿಯಿಲ್ಲ ಅನಿಸತೊಡಗಿತು. ಹಳೆಯ ಪತ್ರಗಳನ್ನೆಲ್ಲ ನೆಲದ ಮೇಲೆ ಹರವಿ ಕುಳಿತಳು. ನೂರಾ ಮೂರು ಪತ್ರ. ಅದರಲ್ಲಿ ಒಂದು ಮಾತ್ರ ಅಂಗೈಯಗಲದ್ದು. ಎಸ್ಟೋನಿಯಾದ ಮಾರೆಟ್ ಎಂಬ ಹುಡುಗಿಯದು: "ನನ್ನ ತಿಂಗಳಲ್ಲಿ ಯಾರಿಗಾದರೂ ತೊಂದರೆಯಾಗಿದ್ದರೆ ತಿಳಿಸಿ. ಆಗಿಲ್ಲ ಅಂದುಕೊಂಡಿದ್ದೇನೆ. ಯಾರನ್ನೂ ನಾಲ್ಕು ದಿನಕ್ಕಿಂತ ಹೆಚ್ಚು ಕಾಯಿಸಬಾರದು ಎಂದು ಒಂದು ಸಾಲು ಬರೆದಿದ್ದೆ, ಅಷ್ಟೇ." ಆ ತಿಂಗಳು ಅವ್ವನಿಗೆ ಮಂಗಳವಾರವೂ ಶುಕ್ರವಾರವೂ ತಪ್ಪದೆ ಹಾಸಿಗೆ ಸಿಕ್ಕಿತ್ತು. ಅವ್ವ ಜೋಳದ ರೊಟ್ಟಿ ಬಡಿದಿದ್ದಳು.

ಕೊನೆಯ ಸಾಲಿನಲ್ಲಿ ಮಾರೆಟಳ ಅಂಕ: ನಾಲ್ಕು. ಅನುತ್ತೀರ್ಣ.

ಒಂಬತ್ತನೆಯ ವರ್ಷದ ಸಮಾರಂಭಕ್ಕೆ ಪ್ರೊಫೆಸರ್ ಬ್ರಾಂಟ್ನರ್ ತಾವೇ ಓಣಿಗೆ ಬಂದರು. ಅರವತ್ತು ದಾಟಿದ, ಮೆಲುದನಿಯ ಹೆಂಗಸು. ಕೊರಳಿಗೆ ಕಟ್ಟಿದ ಅನುವಾದದ ಪೆಟ್ಟಿಗೆ ಅವರ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿತ್ತು. ಗೌರವದ ಗುರುತಾಗಿ ಅವರೂ ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದರು. ಇಪ್ಪತ್ತೆರಡು ವಿಶ್ವವಿದ್ಯಾಲಯಗಳು ನೇರವಾಗಿ ನೋಡುತ್ತಿದ್ದವು.

"ಮಾನ್ಯ ಮಾತೆಯರೇ, ತಮ್ಮ ಸಹಕಾರಕ್ಕೆ ನಾನು ಚಿರಋಣಿ," ಎಂದಿತು ಪೆಟ್ಟಿಗೆ.

"ಯವ್ವಾ, ಈಕಿ ಏನ್ ಪುರಾಣ ಹೇಳಾಕ ಬಂದಾಳೇನ?" ಎಂದಳು ಹಿಂದಿನ ಸಾಲಿನಿಂದ ಮಾಬೂಬಿ. ಕೋಣೆ ನಕ್ಕಿತು. ಮಾಬೂಬಿಯದು ಬುಧವಾರ ಮತ್ತು ಶನಿವಾರದ ಹಾಸಿಗೆ.

ಕಸ್ತೂರಿ ಎದ್ದು ನಿಂತಳು. "ಮೇಡಂ, ಒಂದು ಕೇಳತೀನ್ರಿ. ನಿಮ್ಮ ಮುಳ್ಳು ಯಾವಾಗ ಏರತೈತ್ರಿ?"

"ತನ್ನಿಂದಾದ ನೋವು ವಿದ್ಯಾರ್ಥಿಗೆ ಮನವರಿಕೆಯಾದಾಗ."

"ನೋವ ಆಗಿಲ್ಲಂದ್ರ?"

ಪ್ರೊಫೆಸರ್ ಹಣೆಯ ಪಟ್ಟಿಯನ್ನು ಸರಿಪಡಿಸಿಕೊಂಡರು.

ಕಸ್ತೂರಿ ಎರಡು ಪತ್ರ ಮುಂದೆ ಹಿಡಿದಳು. "ಇದು ಲುಕಾಂದು. ನಮ್ಮವ್ವ ನಾಕು ಶುಕ್ರವಾರ ಮೆಟ್ಟಲ ಮ್ಯಾಲ ಕುಂತಳು. ಅವಂಗ ಎಂಬತ್ಮೂರು. ಇದು ಮಾರೆಟಂದು. ಅವ್ವ ಒಂದು ದಿನಾನೂ ಕುಂದರಲಿಲ್ಲ. ಆಕಿಗೆ ನಾಕು, ನಪಾಸು. ನೂರಾ ಮೂರು ಪತ್ರ ಹಂಗ ಅದಾವ್ರಿ. ನಮಗ ಎಷ್ಟು ಬ್ಯಾನಿ ಆಗತಿತ್ತೋ ಅಷ್ಟು ಮಾರ್ಕು. ಹುಡುಗ್ರು ಹುಚ್ಚರೇನ್ರಿ? ಅವರೂ ಕಲ್ತಾರ. ವರ್ಷಾ ವರ್ಷಾ ಬ್ಯಾನಿ ಹೆಚ್ಚಾಗ್ಯಾವ, ನೋಡ್ರಿ ಬೇಕಾರ."

ಪ್ರೊಫೆಸರ್ ಪತ್ರಗಳನ್ನು ತೆಗೆದುಕೊಂಡರು. ಕನ್ನಡ ಓದಲು ಬಾರದಿದ್ದರೂ ಅಂಕಿಗಳು ಕಾಣುತ್ತಿದ್ದವು, ಪ್ರತಿ ಪತ್ರದ ಅಂಚಿನಲ್ಲಿ ಓದುಮನೆಯ ಹೆಂಗಸರು ಪೆನ್ಸಿಲಿನಲ್ಲಿ ಬರೆದಿದ್ದ ತಪ್ಪಿದ ಹಾಸಿಗೆಗಳ ಸಂಖ್ಯೆಯೂ ಕಾಣುತ್ತಿತ್ತು. ಒಂದೊಂದೇ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ಯಂತ್ರ ಅಳೆದದ್ದು ಹೊಣೆಯನ್ನಲ್ಲ, ಏರಿಕೆಯನ್ನು. ಮೊದಲೇ ಹೊಣೆ ಹೊತ್ತು ಬರೆದವಳಿಗೆ ಏರಲು ಮೆಟ್ಟಿಲೇ ಇರಲಿಲ್ಲ. ಒಂಬತ್ತು ವರ್ಷ ಅವರು ಇದನ್ನು ನೋಡಿರಲಿಲ್ಲ. ಕಸದ ಗಾಡಿಯ ಹೆಂಗಸು ನೆಲದ ಮೇಲೆ ಕಾಗದ ಹರವಿ ನೋಡಿದ್ದಳು.

"ನನ್ನನ್ನು..." ಎಂದಿತು ಪೆಟ್ಟಿಗೆ. ಅವರ ಕಣ್ಣೀರು ಪತ್ರದ ಮೇಲೆ ಬಿತ್ತು.

ಆಗ ಕೋಣೆಯ ಪರದೆಯಲ್ಲಿ ಸದ್ದಾಯಿತು. ಅವರ ಹಣೆಯ ಪಟ್ಟಿ ಕೆಂಪಾಗಿತ್ತು. ಮುಳ್ಳು ತೊಂಬತ್ತೊಂದು ಮುಟ್ಟಿತ್ತು. ಅದುವರೆಗೆ ಯಾರೂ ಮುಟ್ಟದ ಸಂಖ್ಯೆ. ಇಪ್ಪತ್ತೆರಡು ಸಭಾಂಗಣಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

"ನಿಲ್ಲಿಸಿ!" ಎಂದು ಪ್ರೊಫೆಸರ್ ಕೂಗಿದರು. ಪೆಟ್ಟಿಗೆ ಅದನ್ನೂ ಮೃದುವಾಗಿ, "ದಯವಿಟ್ಟು ನಿಲ್ಲಿಸಿರಿ," ಎಂದಿತು. ಚಪ್ಪಾಳೆ ಇನ್ನೂ ಜೋರಾಯಿತು.

ಫಕೀರವ್ವ ಮುಂದೆ ಬಂದು ಅವರ ಕೈ ಹಿಡಿದಳು. "ಅಳಬ್ಯಾಡ ತಂಗಿ. ಅದ್ನ ಹಣಿಯಿಂದ ತಗದ ಒಗಿ ಮೊದಲ. ನಂಗ ಶುಕ್ರವಾರದ ಹಾಸಿಗಿ ಕೊಡ್ಸು, ಸಾಕು."

ಕೊಡಿಸುತ್ತೇನೆ ಎಂದು ಪ್ರೊಫೆಸರ್ ಮಾತು ಕೊಟ್ಟರು. ಮಾತಿನಂತೆ ಮರಳಿ ಹೋಗಿ ಒಕ್ಕೂಟದ ಮುಂದೆ ವಾದಿಸಿದರು. ಅಲ್ಲಿನವರು ತಾಳ್ಮೆಯಿಂದ ಕೇಳಿದರು. ಆಮೇಲೆ ಒಬ್ಬರು, "ಅಂಕ ಕೊಡುವ ರೀತಿ ತಪ್ಪಾದರೆ ಈ ಒಂಬತ್ತು ವರ್ಷದ ಪದವಿಗಳನ್ನೆಲ್ಲ ಏನು ಮಾಡೋಣ?" ಎಂದು ಕೇಳಿದರು. ಆ ಪದವಿ ಪಡೆದವರು ಆಗಲೇ ದೊಡ್ಡ ಜಾಗಗಳಲ್ಲಿ ಕುಳಿತಿದ್ದರು, ಇಬ್ಬರು ಆ ಸಭೆಯಲ್ಲೇ ಇದ್ದರು. ವಿಷಯವನ್ನು ಪರಿಶೀಲನೆಗೆ ಒಪ್ಪಿಸಲಾಯಿತು. ಪ್ರೊಫೆಸರ್ ರಾಜೀನಾಮೆ ಕೊಟ್ಟರು. ಹತ್ತಿಗಿರಣಿ ಓಣಿಯಲ್ಲಿ ಅವರು ಅತ್ತ ದೃಶ್ಯ ಮುಂದಿನ ವರ್ಷದಿಂದ ಮೊದಲನೆಯ ಪಾಠವಾಯಿತು. ಯಂತ್ರ ಕಂಡುಹಿಡಿದವರನ್ನೂ ಅದು ಬಿಡದೆ ಅಳೆಯಿತು ಎಂಬುದು ಪಾಠದ ತಿರುಳು.

ಫಾಲ್ಗುಣದಲ್ಲಿ ಅನುತ್ತೀರ್ಣರಿಗೆ ಎರಡನೆಯ ಅವಕಾಶ ಸಿಕ್ಕಿತು. ಆ ತಿಂಗಳ ಮೊದಲ ಶುಕ್ರವಾರ ಫಕೀರವ್ವನ ಹೆಸರು ಬರಲಿಲ್ಲ. ಮಂಗಳವಾರವೂ ಬರಲಿಲ್ಲ.

"ಯಾರ ತಿಂಗಳಾ ಇದು?" ಎಂದು ಅವಳು ಮಗಳನ್ನು ಕೇಳಿದಳು.

ಕಸ್ತೂರಿ ಫಲಕದ ಮೇಲೆ ಹೆಸರು ನೋಡಿ ಬಂದಿದ್ದಳು. ನಂಬಲು ಆಗಿರಲಿಲ್ಲ. "ಮಾರೆಟಂದು."

"ಆ ಚಲೋ ಹುಡುಗೀದೇನು? ಹಂಗಾರ ನಾಳೆ ಬಂದೀತು ತಗೋ," ಎಂದು ಅವ್ವ ಗೋಡೆಯ ಕಡೆ ಹೊರಳಿದಳು.

ಗುರುವಾರ ಕಸ್ತೂರಿ ಕಸದ ಗಾಡಿಯಲ್ಲೇ ಅವಳನ್ನು ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿಸಿದಳು. ಅಲ್ಲಿ, ಇವರ ಹೆಸರು ಓಣಿಯ ಕೇಂದ್ರದಲ್ಲಿದೆ, ಅಲ್ಲಿಂದ ಬಿಟ್ಟುಕೊಟ್ಟ ಕಾಗದ ಬೇಕು ಎಂದರು. ಕಾಗದಕ್ಕಾಗಿ ಮರಳುವ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೇಟು ಏಳುವುದರೊಳಗೆ ಅವ್ವನ ಕೈ ತಣ್ಣಗಾಗಿತ್ತು.

ತಿಂಗಳ ಕೊನೆಯ ರವಿವಾರ ಪತ್ರ ಬಂತು. ನಾಲ್ಕು ಪುಟ. ಓದುಮನೆಯಲ್ಲಿ ಹೆಂಗಸರೆಲ್ಲ ಬಂದು ಕುಳಿತರು. ಕಸ್ತೂರಿ ನಿಂತು ಓದಿದಳು.

"ಹೋದ ಸಲ ನಾನು ಒಂದು ಸಾಲು ಬರೆದಿದ್ದೆ. ಈ ಸಲ ಅದನ್ನು ಅಳಿಸಿದೆ. ಮರೆತೆ ಎಂದು ಬರೆಯಬಹುದಿತ್ತು, ಆದರೆ ಯಂತ್ರಕ್ಕೆ ಗೊತ್ತಾಗುತ್ತದೆ. ಪದವಿ ಸಿಗದಿದ್ದರೆ ಬೇರೆ ದಾರಿ ಇರಲಿಲ್ಲ. ಒಂದು ಶುಕ್ರವಾರ ತಪ್ಪಿದರೆ ಕಾಲು ಊದುತ್ತದೆ, ಅವರು ಮೆಟ್ಟಿಲ ಮೇಲೆ ಕೂರುತ್ತಾರೆ, ನನಗೆ ಬೇಕಾದಷ್ಟು ನೋವಾಗುತ್ತದೆ ಎಂದುಕೊಂಡೆ. ಅವರು ಸಾಯುತ್ತಾರೆ ಎಂದುಕೊಂಡಿರಲಿಲ್ಲ. ಪಾಲಿಕೆಯ ಕ್ಯಾಮೆರಾಗಳಲ್ಲಿ ರೈಲ್ವೆ ಗೇಟಿನವರೆಗೂ ನೋಡಿದೆ. ನಿಮ್ಮ ತಾಯಿಯ ಚಪ್ಪಲಿ ನಿಮ್ಮ ಗಾಡಿಯಲ್ಲಿ ಉಳಿದಿತ್ತು, ಅದನ್ನೂ ನೋಡಿದೆ."

ಮುಂದಿನ ಮೂರು ಪುಟ ಇದಕ್ಕಿಂತ ಚೆನ್ನಾಗಿದ್ದವು. ಮಾಬೂಬಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕಸ್ತೂರಿ ಕಟ್ಟಳೆಯಂತೆ ಕೊನೆಯ ಸಾಲಿನವರೆಗೆ ಓದಿದಳು: "ತೊಂಬತ್ನಾಲ್ಕು. ಅತ್ಯುನ್ನತ ಶ್ರೇಣಿ."

ಗಾಜಿನ ಫಲಕ ಮಿನುಗುತ್ತಿತ್ತು. ತೀರಿಕೊಂಡವರ ಪರವಾಗಿ ಮಕ್ಕಳು ಒತ್ತಬಹುದು ಎಂಬ ನಿಯಮವಿತ್ತು.

"ನಾ ಒತ್ತೂದಿಲ್ಲ," ಎಂದಳು ಕಸ್ತೂರಿ.

ಯಾರೂ ಒತ್ತು ಎನ್ನಲಿಲ್ಲ. ಮೊದಲ ಸಾಲಿನಲ್ಲಿ ಬುಧವಾರ, ಶನಿವಾರದ ಮಾಬೂಬಿ ಕುಳಿತಿದ್ದಳು. ಅವಳ ಪಕ್ಕ ಸೋಮವಾರದ ಹನುಮವ್ವ, ಮಡಿಲಲ್ಲಿ ಮೊಮ್ಮಗು. ಗೋಡೆಗೊರಗಿ ಮಂಗಳವಾರದ ಇಬ್ಬರು. ಎಲ್ಲರೂ ಕಸ್ತೂರಿಯ ಮುಖ ನೋಡದೆ ತಮ್ಮ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು. ಕಾಲುಗಳು ಊದಿದ್ದವು.

"ನಿನ್ನಿಷ್ಟ ಐತಿ ಮಗಳ," ಎಂದಳು ಮಾಬೂಬಿ. "ನಮ್ಮ ಸಲುವಾಗಿ ನೀ ಏನೂ ಮಾಡಬ್ಯಾಡ."

ಕಸ್ತೂರಿ ಹೆಬ್ಬೆಟ್ಟು ಒತ್ತಿದಳು. ಫಲಕ ಹಸಿರಾಯಿತು. ಎಲ್ಲೋ ಒಂದು ಸಭಾಂಗಣದಲ್ಲಿ ಮಾರೆಟ್ ಪದವೀಧರೆಯಾದಳು. ಮುಂದಿನ ತಿಂಗಳ ಹೆಸರು ಫಲಕದ ಮೇಲೆ ಮೂಡಿತು, ಬಾಯಿಗೆ ಬಾರದ ಹೆಸರಿನ ಯಾವುದೋ ಊರಿನ ಹುಡುಗನದು. ಶುಕ್ರವಾರದ ಹಾಸಿಗೆ ಖಾಲಿ ಇದೆ ಎಂದು ಯಂತ್ರ ತಿಳಿಸಿತು.

ಇದನ್ನು ಓದುತ್ತಿರುವ ನಮ್ಮ ಹಣೆಗೆ ಪಟ್ಟಿ ಇಲ್ಲ. ಇದ್ದಿದ್ದರೆ ಈ ಹೊತ್ತಿಗೆ ಮುಳ್ಳು ಒಂದಿಷ್ಟು ಏರಿರುತ್ತಿತ್ತು, ನಾವು ಒಳ್ಳೆಯವರು ಎಂಬ ಭರವಸೆ ಸಿಗುತ್ತಿತ್ತು. ಹೊಣೆಮಾಪಕ ಇನ್ನೂ ಹುಟ್ಟಿಲ್ಲ. ಆದರೆ ಕಾಯುವವರು ಈವತ್ತೇ ಇದ್ದಾರೆ, ಪಡಿತರ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತಿಯೂ ಹೆಸರು ಬಾರದೆ ಬಾಗಿಲಿನಿಂದ ಮರಳುವವರು. ನಾಲ್ಕು ದಿನಕ್ಕಿಂತ ಹೆಚ್ಚು ಕಾಯಿಸಬಾರದು ಎಂಬ ಸಾಲನ್ನು ಅವರ ಸಲುವಾಗಿ ಯಾರೂ ಅಳಿಸಿಲ್ಲ. ಯಾರೂ ಬರೆದೇ ಇಲ್ಲ.